ಪಾರ್ಕಿನಲ್ಲಿ ಎರಡು ಸಂಜೆ ಸಂಗೀತ: ಬಂದೋಬಸ್ತ್ ಮಾಡಿಸಿದ ಅನುಭವ ಇದ್ದವರು ಹೇಳಿ

ಕೇಳಿದವರು: ಬಡಾವಣೆ ಸಂಘದ ಕಾರ್ಯದರ್ಶಿ, ಮೈಸೂರು

ನಮಸ್ಕಾರ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಪ್ರತಿ ವರ್ಷ ಡಿಸೆಂಬರಿನಲ್ಲಿ ಒಂದು ಸಂಜೆ ಭಾವಗೀತೆ ಕಾರ್ಯಕ್ರಮ ಇರುತ್ತದೆ. ಹೆಚ್ಚೆಂದರೆ ನಾನೂರು ಜನ. ಮುಗಿದ ಮೇಲೆ ಉಪ್ಪಿಟ್ಟು, ಕೇಸರಿಬಾತ್ ತಿಂದು ಎಲ್ಲರೂ ಮನೆಗೆ. ಪೊಲೀಸ್ ಅಂದರೆ ಬೀಟಿನವರು ಒಬ್ಬರು ಬಂದು ಕಾಫಿ ಕುಡಿದು ಹೋಗುತ್ತಿದ್ದರು, ಅಷ್ಟೇ. ಈ ಸಲ ಹುಡುಗರು ಹಠ ಹಿಡಿದು ಎರಡು ಸಂಜೆ ಮಾಡಿಸಿದ್ದಾರೆ. ಎರಡನೇ ದಿನಕ್ಕೆ ರೀಲ್ಸಿನಲ್ಲಿ ಓಡುತ್ತಿರುವ ಒಂದು ಬ್ಯಾಂಡ್. ಟಿಕೆಟ್ ಇಲ್ಲ. ಮೂರು ಸಾವಿರ ಜನ ಬರಬಹುದಂತೆ, ಆ ಲೆಕ್ಕ ಯಾರು ಹಾಕಿದ್ದು ಅಂತ ಮಾತ್ರ ಕೇಳಬೇಡಿ. ಪಾರ್ಕು ಒಂದು ಎಕರೆ. ಎರಡು ಗೇಟು, ಹಿಂದಿನದಕ್ಕೆ ಯಾವಾಗಲೂ ಬೀಗ. ಠಾಣೆಗೆ ಹೋದರೆ "ಎಷ್ಟು ಸ್ಟಾಫ್ ಬೇಕು, ಎಲ್ಲೆಲ್ಲಿ ಬೇಕು, ಬರೆದುಕೊಡಿ" ಅಂದರು. ಏನು ಬರೆಯೋದು? ಸುಮ್ನೆ ಐವತ್ತು ಅಂತ ಬರೆದರೆ ಆಗುತ್ತದಾ? ದುಡ್ಡು ಕಟ್ಟಬೇಕಾ? ಖಾಸಗಿ ಸೆಕ್ಯೂರಿಟಿ ಸಾಕಾ?

ಉತ್ತರ: ನಿವೃತ್ತ ಸಬ್ ಇನ್‌ಸ್ಪೆಕ್ಟರ್

ಸರ್, ಸ್ಟಾಫ್ ಲೆಕ್ಕ ಆಮೇಲೆ. ಮೊದಲು ಒಂದು ಟೇಪ್ ತಗೊಂಡು ಪಾರ್ಕಿಗೆ ಹೋಗಿ. ಒಂದು ಎಕರೆ ಅಂದರೆ 4,047 ಚದರ ಮೀಟರ್. ಅದರಲ್ಲಿ ವಾಕಿಂಗ್ ದಾರಿ, ಜಾರುಬಂಡೆ, ಜಿಮ್ ಸಾಮಾನು, ಹೂವಿನ ಮಡಿ, ಮರಗಳು, ನಿಮ್ಮ ಸ್ಟೇಜು, ಸ್ಟೇಜಿನ ಮುಂದಿನ ಬ್ಯಾರಿಕೇಡ್, ಸೌಂಡಿನವರ ಟೇಬಲ್ಲು ಎಲ್ಲ ಕಳೆದರೆ ಜನ ನಿಲ್ಲೋಕೆ ಉಳಿಯೋದು ಸಾವಿರದೈನೂರು ಚದರ ಮೀಟರ್ ಇದ್ದರೆ ಹೆಚ್ಚು. ಚದರ ಮೀಟರಿಗೆ ಇಬ್ಬರಂತೆ ನಿಂತರೆ ಅಲ್ಲಿಗೆ ಮೂರು ಸಾವಿರ, ಪಾರ್ಕು ಭರ್ತಿ. ನಾಲ್ಕು ಜನ ಆದರೆ ಕೈ ಎತ್ತೋದು ಕಷ್ಟ. ಐದು ದಾಟಿದರೆ ನೀವು ನಡೆಯೋದಿಲ್ಲ, ಜನ ನಿಮ್ಮನ್ನು ಎತ್ತಿಕೊಂಡು ಹೋಗುತ್ತಾರೆ. ಕುರ್ಚಿ ಹಾಕಿದರೆ ಸಾವಿರದ ಮೇಲೆ ಸ್ವಲ್ಪ, ಅಷ್ಟೇ. ಟಿಕೆಟ್ ಇಲ್ಲ ಅಂದಿರಿ. ಹಾಗಾದರೆ ಮೂರು ಸಾವಿರದ ಒಂದನೆಯವನು ಬಂದಾಗ ಗೇಟಿನಲ್ಲಿ ಅವನಿಗೆ ಏನು ಹೇಳುತ್ತೀರಿ, ಅದನ್ನು ಯಾರು ಹೇಳುತ್ತಾರೆ? ಇದಕ್ಕೆ ಉತ್ತರ ಇಲ್ಲದೆ ನೂರು ಪೊಲೀಸರನ್ನು ನಿಲ್ಲಿಸಿದರೂ ಪ್ರಯೋಜನ ಇಲ್ಲ.

ಇನ್ನು ಗೇಟು. ಸಮತಟ್ಟಾದ ಜಾಗದಲ್ಲಿ ಒಂದು ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ ಸುಮಾರು 80 ಜನ ಹೋಗಬಹುದು ಅಂತ ಲೆಕ್ಕ. ನಿಮ್ಮ ಮುಂದಿನ ಗೇಟು ಮೂರು ಮೀಟರ್ ಅಂತ ಇಟ್ಟುಕೊಳ್ಳಿ. ನಿಮಿಷಕ್ಕೆ 240, ಹನ್ನೆರಡು ಹದಿಮೂರು ನಿಮಿಷದಲ್ಲಿ ಪಾರ್ಕು ಖಾಲಿ. ಆದರೆ ಅದೇ ಗೇಟಿನ ಮುಂದೆ ಎರಡೂ ಕಡೆ ಬೈಕ್ ನಿಲ್ಲಿಸಿ, ನಡುವೆ ಒಬ್ಬ ಪಾನಿಪುರಿ ಗಾಡಿ ಹಾಕಿಕೊಂಡು ದಾರಿ ಒಂದು ಮೀಟರಿಗೆ ಬಂತು ಅಂದರೆ ಮೂವತ್ತೇಳು ಮೂವತ್ತೆಂಟು ನಿಮಿಷ. ದನ ನುಗ್ಗಬಾರದು ಅಂತ ಪಾರ್ಕಿನವರು ಸುತ್ತು ಗೇಟು ಹಾಕಿರುತ್ತಾರಲ್ಲ, ಅದಿದ್ದರೆ ಕೇಳಲೇಬೇಡಿ. ಎರಡು ದಿನದ ಮಟ್ಟಿಗೆ ಬಿಚ್ಚಿಸಿ.

2023ರ ನವೆಂಬರ್ 25ರಂದು ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಸಂಗೀತ ಕಾರ್ಯಕ್ರಮ ಇತ್ತು. ಮಳೆ ಬಂತು, ಹೊರಗಿದ್ದವರು ಒಳಗೆ ನುಗ್ಗಿದರು, ಮೆಟ್ಟಿಲ ಮೇಲೆ ಬಿದ್ದರು. ನಾಲ್ಕು ಜನ ಸತ್ತರು. 2025ರ ಜೂನ್ 4ರಂದು ನಮ್ಮ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಹನ್ನೊಂದು ಜನ. ಅದು ಸಂಗೀತ ಅಲ್ಲ, ವಿಜಯೋತ್ಸವ, ಆದರೆ ಜನ ಜನವೇ. ಎರಡೂ ಕಡೆ ಗೇಟಿನಲ್ಲಿ ಆಗಿದ್ದು ನೋಡಿ. ಬಂದೋಬಸ್ತಿಗೆ ಹೋದ ನಮ್ಮವರೆಲ್ಲ ಸ್ಟೇಜಿನ ಮುಂದೆ ಹೋಗಿ ನಿಲ್ಲುತ್ತಾರೆ, ಹಾಡು ಕೇಳಬಹುದು ಅಂತ. ನಾನೂ ನಿಂತಿದ್ದೇನೆ, ಸುಳ್ಳು ಯಾಕೆ.

ನಾನು ಪಾಠ ಕಲಿತಿದ್ದು ಒಂದು ತಾಲ್ಲೂಕಿನ ಪಾರ್ಕಿನಲ್ಲಿ. ಆರ್ಕೆಸ್ಟ್ರಾ ನಡೀತಾ ಇತ್ತು. ಕರೆಂಟ್ ಹೋಯಿತು. ಜನರೇಟರ್ ಇತ್ತು, ಆದರೆ ಅದರ ಹುಡುಗ ಊಟಕ್ಕೆ ಹೋಗಿದ್ದ. ಕತ್ತಲಲ್ಲಿ ಯಾವನೋ ಪುಣ್ಯಾತ್ಮ "ಹಾವು" ಅಂತ ಕೂಗಿದ. ಹಾವೂ ಇಲ್ಲ ಏನೂ ಇಲ್ಲ. ಎಲ್ಲರೂ ಹತ್ತಿರ ಇದ್ದ ಗೇಟಿಗೆ ಓಡಿದರು, ಅದಕ್ಕೆ ಬೀಗ. ಕೀ ಮಾಲಿ ಹತ್ತಿರ, ಮಾಲಿ ಮದುವೆಗೆ ಹೋಗಿದ್ದಾನೆ. ಕಲ್ಲಿನಲ್ಲಿ ಸರಪಳಿ ಜಜ್ಜಿ ಬಿಚ್ಚುವಷ್ಟರಲ್ಲಿ ಇಬ್ಬರು ಹೆಂಗಸರಿಗೆ ಕೈ ಮುರಿದಿತ್ತು. ಆವತ್ತು ನಾವು ಹದಿನಾಲ್ಕು ಜನ ಡ್ಯೂಟಿಯಲ್ಲಿದ್ದೆವು. ಆ ಗೇಟಿನ ಹತ್ತಿರ ಒಬ್ಬನೂ ಇರಲಿಲ್ಲ.

ಹಾಗಾಗಿ ಅರ್ಜಿಯಲ್ಲಿ "ಸೂಕ್ತ ಬಂದೋಬಸ್ತ್ ಒದಗಿಸಬೇಕು" ಅಂತ ಒಂದು ಸಾಲು ಬರೆದು ಸುಮ್ಮನಾಗಬೇಡಿ. ಒಂದು ಕೈನಕ್ಷೆ ಬರೆಯಿರಿ, ಅದರಲ್ಲಿ ಪಾಯಿಂಟ್ ಗುರುತು ಮಾಡಿ. ಮುಂದಿನ ಗೇಟಿಗೆ ಮೂವರು, ಅದರಲ್ಲಿ ಒಬ್ಬರಾದರೂ ಮಹಿಳೆ. ಹಿಂದಿನ ಗೇಟು ತೆಗೆದಿಟ್ಟು ಅಲ್ಲಿ ಇಬ್ಬರು. ರಸ್ತೆಯ ಎರಡೂ ತುದಿಗೆ ಟ್ರಾಫಿಕ್‌ನವರು. ಸ್ಟೇಜ್ ಹಿಂದೆ ಒಬ್ಬರು. ಸುತ್ತಾಡೋಕೆ ಮಫ್ತಿಯಲ್ಲಿ ಇಬ್ಬರು. ಸ್ಟಾಫ್ ಸಾಲದಿದ್ದರೆ ಹೋಮ್ ಗಾರ್ಡ್ ಸೇರಿಸಿ ಕೊಡುತ್ತಾರೆ. ಖಾಸಗಿ ಸೆಕ್ಯೂರಿಟಿ ತಗೊಳ್ಳಿ, ಆದರೆ ಲೈಸೆನ್ಸ್ ಇರುವ ಏಜೆನ್ಸಿಯಿಂದ. ಅವರಿಗೆ ಲಾಠಿ ಬೀಸುವ ಅಧಿಕಾರ ಇಲ್ಲ, ಬ್ಯಾರಿಕೇಡ್ ಹಿಡಿಯೋದು, ಸಾಲು ಮಾಡಿಸೋದು ಅವರ ಕೆಲಸ. ಅರ್ಜಿ ಕೊಟ್ಟಾಗ ಇನ್‌ವರ್ಡ್ ಸೀಲ್ ಹಾಕಿಸಿಕೊಂಡು ಒಂದು ಕಾಪಿ ಇಟ್ಟುಕೊಳ್ಳಿ. ನಿಮ್ಮಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ, ಓದಿ ಸಹಿ ಹಾಕಿ. ದುಡ್ಡಿನ ವಿಷಯ ಠಾಣೆಯಲ್ಲೇ ಕೇಳಿ. ಕಟ್ಟಬೇಕು ಅಂದರೆ ಚಲನ್, ರಸೀದಿ. ಕೈಗೆ ಯಾರಿಗೂ ಬೇಡ.

ಇನ್ನೊಂದು. ಕಾರ್ಯಕ್ರಮ ನಿಲ್ಲಿಸಿ ಅಂತ ಹೇಳುವವರು ಒಬ್ಬರೇ ಇರಬೇಕು, ಅವರ ಹೆಸರು ಬ್ಯಾಂಡಿನವರಿಗೂ ಸೌಂಡಿನವರಿಗೂ ಮೊದಲೇ ಗೊತ್ತಿರಬೇಕು. ಆ ಹೊತ್ತಲ್ಲಿ ಅಧ್ಯಕ್ಷರನ್ನು ಕೇಳಿ ಬರ್ತೀನಿ ಅಂದರೆ ಆಯಿತು ಕಥೆ.

ಉತ್ತರ: ಸೌಂಡ್ ಸಿಸ್ಟಂ ಇಟ್ಟಿರುವವರು, ಹಾಸನ

ಎಸ್ಐ ಸಾಹೇಬರು ಹೇಳಿದ್ದಕ್ಕೆ ನನ್ನದೂ ಒಂದಿಷ್ಟು. ಪೊಲೀಸರು ನಿಮ್ಮ ಮೇಲೆ ಬರೋದು ಜನರಿಂದ ಅಲ್ಲ, ಸೌಂಡಿನಿಂದ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಮೈಕಿಗೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕು ಇಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ 12ರವರೆಗೆ ಬಿಡಬಹುದಲ್ಲ ಅಂತ ಯಾರಾದರೂ ಹೇಳುತ್ತಾರೆ. ಅದು ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಗೊತ್ತುಮಾಡಿ ಕೊಡುವ ಸಡಿಲಿಕೆ. ನಿಮ್ಮ ಬಡಾವಣೆ ಹಬ್ಬಕ್ಕೆ ತಾನಾಗಿ ಬರೋದಿಲ್ಲ.

ವಸತಿ ಜಾಗದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ನಿಯಮದ ಲೆಕ್ಕದಲ್ಲಿ ರಾತ್ರಿ 10ರವರೆಗೂ ಹಗಲೇ. ಪಾರ್ಕಿನ ಬೇಲಿ ಹತ್ತಿರ ಅಳೆದರೆ ಅದಕ್ಕಿಂತ 10 ಜಾಸ್ತಿ, ಅಂದರೆ 65 ಮೀರಬಾರದು. ಪಕ್ಕದಲ್ಲಿ ಆಸ್ಪತ್ರೆಯೋ ಶಾಲೆಯೋ ಕೋರ್ಟೋ 100 ಮೀಟರ್ ಒಳಗಿದ್ದರೆ ನಿಶ್ಶಬ್ದ ವಲಯ, ಇನ್ನೂ ಕಮ್ಮಿ. ನಿಜ ಹೇಳ್ತೀನಿ, ಡ್ರಮ್ ಕಿಟ್ ಇರುವ ಬ್ಯಾಂಡ್ ತಂದು ಒಂದು ಎಕರೆ ಪಾರ್ಕಿನ ಬೇಲಿಯಲ್ಲಿ 65 ಇಟ್ಟುಕೊಳ್ಳೋದು ಸುಲಭ ಅಲ್ಲ. ಆದಷ್ಟು ಮಾಡಬಹುದು. ಸ್ಟೇಜಿನ ಎರಡು ಕಡೆ ದೊಡ್ಡ ಬಾಕ್ಸ್ ಗುಡ್ಡೆ ಹಾಕೋ ಬದಲು ಚಿಕ್ಕ ಬಾಕ್ಸ್‌ಗಳನ್ನು ಎತ್ತರದಲ್ಲಿ ಕಟ್ಟಿ, ಮುಖ ಕೆಳಗೆ, ಒಳಗೆ ಇರಲಿ. ಬೇಸ್ ಬಾಕ್ಸ್ ಅರ್ಧಕ್ಕೆ ಇಳಿಸಿ. ಮನೆ ಕಿಟಕಿ ಗಡಗಡ ಅನ್ನೋದು ಬೇಸ್ ಸದ್ದಿಗೆ, ಹಾಡಿಗಲ್ಲ. 112ಕ್ಕೆ ಫೋನ್ ಹೋಗೋದೂ ಅದಕ್ಕೇ.

ಮುಗಿಸೋ ರೀತಿ ಬಗ್ಗೆ ಯಾರೂ ಯೋಚನೆ ಮಾಡೋದಿಲ್ಲ. ನಾನು ಬೆಂಗಳೂರಿನ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳಿಗೆ ಚಿಕ್ಕವನಿದ್ದಾಗಿಂದ ಹೋಗಿದ್ದೇನೆ, 1939ರಿಂದ ನಡೀತಾ ಬಂದಿರೋದು ಅದು. ಅಲ್ಲಿ ತನಿ ಆವರ್ತನ, ಅಂದರೆ ಮೃದಂಗದವರು ಒಂಟಿಯಾಗಿ ನುಡಿಸೋ ಭಾಗ, ಶುರುವಾದರೆ ಸಾಕು, ಕೆಲವರು ಚಪ್ಪಲಿ ಹುಡುಕೋಕೆ ಏಳುತ್ತಾರೆ. ಆಮೇಲೆ ದೇವರನಾಮ, ಮಂಗಳ. ಮಂಗಳಕ್ಕೆ ಬರುವಷ್ಟರಲ್ಲಿ ಪೆಂಡಾಲು ತಾನಾಗಿ ಸಡಿಲ ಆಗಿರುತ್ತದೆ. ಮೃದಂಗದವರಿಗೆ ಬೇಜಾರು, ಗೇಟಿಗೆ ಒಳ್ಳೆಯದು. ಬ್ಯಾಂಡಿನವರು ಇದರ ಉಲ್ಟಾ ಮಾಡುತ್ತಾರೆ. ಎಲ್ಲರೂ ಕಾಯುತ್ತಿರೋ ಹಾಡನ್ನು ಕೊನೆಗೆ ಇಟ್ಟು, ಅದು ಮುಗಿದ ತಕ್ಷಣ ಲೈಟ್ ಆಫ್. ಮೂರು ಸಾವಿರ ಜನ ಒಟ್ಟಿಗೆ ಒಂದೇ ಗೇಟಿಗೆ. ಆ ಹಾಡನ್ನು 9 ಗಂಟೆಗೆ ಹಾಡಿಸಿ. ಆಮೇಲೆ ಎರಡು ಮೆತ್ತಗಿನ ಹಾಡು, ಮೈದಾನದ ಲೈಟೆಲ್ಲ ಹಾಕಿ, 9.30ಕ್ಕೆ ಮುಗಿಸಿ. ಒಪ್ಪಂದದಲ್ಲೇ ಬರೆಸಿ, ಸ್ಟೇಜ್ ಮೇಲೆ ಹೋದ ಮೇಲೆ ಅವರು ನಮ್ಮ ಮಾತು ಕೇಳೋದಿಲ್ಲ.

ಉತ್ತರ: ಪಾರ್ಕ್ ಎದುರಿನ ಮನೆಯವರು (ಬೇರೆ ಬಡಾವಣೆ)

ನನ್ನದು ತಕರಾರು. ಪಾರ್ಕು ಇರೋದು ಇದಕ್ಕಾ? ಉದ್ಯಾನ, ಆಟದ ಮೈದಾನಗಳನ್ನು ಬೇರೆ ಬಳಕೆಗೆ ಕೊಡಬಾರದು ಅಂತಲೇ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಯುವ ದಸರಾವನ್ನೇ ಮಹಾರಾಜ ಕಾಲೇಜು ಮೈದಾನದಿಂದ ಎತ್ತಿ 2024ರಲ್ಲಿ ಊರಾಚೆ ಉತ್ತನಹಳ್ಳಿ ಹತ್ತಿರ ಮಾಡಿದರು, ನೀವು ಒಂದು ಎಕರೆಯಲ್ಲಿ ಮೂರು ಸಾವಿರ ಅಂತೀರಿ. ನಮ್ಮಲ್ಲಿ ಹೀಗೇ ಒಂದು ಕಾರ್ಯಕ್ರಮದ ದಿನ ನಮ್ಮ ತಂದೆಗೆ ಉಸಿರಾಟದ ತೊಂದರೆ ಆಯಿತು. 108 ಬಂತು, ಬ್ಯಾರಿಕೇಡ್ ಹತ್ತಿರ ನಿಂತಿತು. ಅಲ್ಲಿದ್ದ ಕಾನ್‌ಸ್ಟೇಬಲ್ ಪಾಪ ಬೇರೆ ಊರಿಂದ ಡ್ಯೂಟಿಗೆ ಬಂದವರು, ಮೂರನೇ ಕ್ರಾಸ್ ಎಲ್ಲಿ ಅಂತ ಅವರಿಗೇ ಗೊತ್ತಿಲ್ಲ. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ನಾನೂ ತಮ್ಮನೂ ಹೊತ್ತುಕೊಂಡು ಹೋದೆವು, ಹಿಂದೆ ಕುಣಿಯೋ ಹಾಡು. ಅವರು ಈಗ ಚೆನ್ನಾಗಿದ್ದಾರೆ. ಆದರೂ ನಾನು ಮರೆತಿಲ್ಲ.

ಉತ್ತರ: ನಿವೃತ್ತ ಸಬ್ ಇನ್‌ಸ್ಪೆಕ್ಟರ್

ಮೇಡಂ, ನೀವು ಹೇಳಿದ್ದು ಸರಿ. ಹೊರಗಿನ ಸ್ಟಾಫಿಗೆ ಬೀದಿ ಗೊತ್ತಿರೋದಿಲ್ಲ. ಅದಕ್ಕೇ ಪ್ರತಿ ಪಾಯಿಂಟಿಗೆ ಬಡಾವಣೆಯ ಹುಡುಗ ಒಬ್ಬನನ್ನು ಪೊಲೀಸಿನವರ ಜೊತೆ ನಿಲ್ಲಿಸಿ ಅಂತ ಹೇಳಬೇಕಿತ್ತು, ಬಿಟ್ಟೆ. ಕಾರ್ಯದರ್ಶಿಗಳೇ, ಆಂಬ್ಯುಲೆನ್ಸಿಗೆ ಒಂದು ರಸ್ತೆ ಖಾಲಿ ಬಿಡಿ, ಅಲ್ಲಿ ನಿಮ್ಮ ಅಧ್ಯಕ್ಷರ ಕಾರನ್ನೂ ನಿಲ್ಲಿಸಬೇಡಿ. ವಯಸ್ಸಾದವರು, ಹುಷಾರಿಲ್ಲದವರು ಇರುವ ಮನೆಗಳ ಪಟ್ಟಿ ಮಾಡಿ, ಒಂದು ವಾರ ಮೊದಲೇ ಹೋಗಿ ಮಾತಾಡಿಸಿ. ಆಮೇಲೆ ಆ ಮೂರು ಸಾವಿರವನ್ನು ಸಾವಿರಕ್ಕೆ ಇಳಿಸಿ. ಉಚಿತ ಪಾಸ್ ಕೊಡಿ, ಮನೆಗೆ ಇಷ್ಟು ಅಂತ. ಹೊರಗಿನವರಿಗೆ ಸ್ವಲ್ಪ.

ಉತ್ತರ: ಸ್ವಯಂಸೇವಕಿಯಾಗಿ ಮೂರು ವರ್ಷ ಓಡಾಡಿದವರು, ಬೆಂಗಳೂರು

ಎಲ್ಲರೂ ಗೇಟಿನ ಬಗ್ಗೆ ಹೇಳಿದ್ದೀರಿ, ನಾನು ಕತ್ತಲಿನ ಬಗ್ಗೆ ಹೇಳ್ತೀನಿ. ಪಾರ್ಕಿನ ಲೈಟ್ ಇರೋದು ವಾಕಿಂಗ್ ಮಾಡೋಕೆ, ಮರದ ಹಿಂದೆ, ಟಾಯ್ಲೆಟ್ ದಾರಿಯಲ್ಲಿ ಏನೂ ಕಾಣೋದಿಲ್ಲ. ಮೊದಲ ವರ್ಷ ಹುಡುಗಿಯರು ಟಾಯ್ಲೆಟ್‌ಗೆ ಹೋಗೋಕೆ ಹೆದರಿ ಸಂಜೆಯಿಂದ ನೀರೇ ಕುಡಿದಿರಲಿಲ್ಲ, ಇಬ್ಬರು ತಲೆ ಸುತ್ತಿ ಬಿದ್ದರು. ಎರಡನೇ ವರ್ಷ ಆ ದಾರಿಗೆ ಒಂದು ಸಾಲು ಟ್ಯೂಬ್‌ಲೈಟ್ ಕಟ್ಟಿಸಿ, ಒಬ್ಬರು ಮಹಿಳಾ ಪೊಲೀಸ್ ಮತ್ತು ನಮ್ಮ ಒಬ್ಬ ಅಕ್ಕನನ್ನು ಕುರ್ಚಿ ಹಾಕಿ ಕೂರಿಸಿದೆವು. ಖರ್ಚು ಜಾಸ್ತಿ ಏನೂ ಆಗಲಿಲ್ಲ. ಗೇಟಿನಲ್ಲಿ ಬ್ಯಾಗ್ ನೋಡೋದಾದರೆ ಹೆಣ್ಣುಮಕ್ಕಳಿಗೆ ಬೇರೆ ಸಾಲು, ಮಹಿಳಾ ಸಿಬ್ಬಂದಿ ಇರಲೇಬೇಕು. ಇಲ್ಲದಿದ್ದರೆ ಒಂದೇ ಸಾಲು ನಿಂತುಬಿಡುತ್ತದೆ.

ಮೊಬೈಲ್ ಕಳ್ಳರು ಬರುತ್ತಾರೆ. ನಮ್ಮಲ್ಲಿ ಒಂದೇ ರಾತ್ರಿ ಹನ್ನೊಂದು ಫೋನ್ ಹೋಯಿತು, ಎಲ್ಲ ಸ್ಟೇಜ್ ಮುಂದೆ, ಕೈ ಎತ್ತಿ ಕುಣಿಯುತ್ತಿದ್ದವರ ಹಿಂದಿನ ಜೇಬಿಂದ. ಮಫ್ತಿಯವರನ್ನು ಅಲ್ಲಿ ನಿಲ್ಲಿಸಿ. ಕುಡಿದು ಬಂದವರನ್ನು ಗೇಟಿನಲ್ಲೇ ಮೆತ್ತಗೆ ವಾಪಸ್ ಕಳಿಸಿ, "ಅಣ್ಣ, ನಾಳೆ ಬನ್ನಿ" ಅಂದರೆ ಹತ್ತರಲ್ಲಿ ಎಂಟು ಜನ ಹೋಗುತ್ತಾರೆ. ಉಳಿದಿಬ್ಬರಿಗೆ ಪೊಲೀಸ್. ಉಲ್ಟಾ ಮಾಡಿ ಮೊದಲೇ ಲಾಠಿ ತೋರಿಸಿದರೆ ಎಂಟು ಜನವೂ ಜಗಳಕ್ಕೆ ನಿಲ್ಲುತ್ತಾರೆ. ಮಕ್ಕಳ ಕೈಗೆ ಅಪ್ಪನ ಫೋನ್ ನಂಬರ್ ಪೆನ್ನಲ್ಲಿ ಬರೆಯೋದು ನಮ್ಮ ಅಜ್ಜಿ ಹೇಳಿಕೊಟ್ಟಿದ್ದು, ಜಾತ್ರೆ ಉಪಾಯ.

ಉತ್ತರ: ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ದಾವಣಗೆರೆಯವರು

ದುಡ್ಡಿನ ಪ್ರಶ್ನೆಗೆ ಸುಮ್ನೆ ಮಾಹಿತಿಗೆ. ಇಲ್ಲಿಯ ದೊಡ್ಡ ಸಂಗೀತ ಹಬ್ಬದ ಬಗ್ಗೆ ಇದೇ ಜಗಳ ಕೋರ್ಟಿಗೆ ಹೋಗಿತ್ತು. ಹಬ್ಬದ ಜಾಗದ ಹೊರಗೆ, ಅಕ್ಕಪಕ್ಕದ ಊರಲ್ಲಿ ನಿಲ್ಲಿಸಿದ ಪೊಲೀಸರ ಖರ್ಚು ಯಾರದು ಅಂತ. 2006ರಲ್ಲಿ ಮೇಲ್ಮನವಿ ಕೋರ್ಟು ಹೇಳಿದ್ದು, ಆಯೋಜಕರು ಕೇಳಿಕೊಂಡ ವಿಶೇಷ ಸೇವೆಗೆ ದುಡ್ಡು ತಗೊಳ್ಳಬಹುದು, ಕೇಳದೇ ಇದ್ದದ್ದಕ್ಕೆ ಬಿಲ್ ಹಾಕುವಂತಿಲ್ಲ ಅಂತ. ಇಲ್ಲಿಯ ಕಾನೂನು ಅಲ್ಲಿಗೆ ಬರೋದಿಲ್ಲ, ಆದರೆ ಏನು ಕೇಳಿದೆವು ಅನ್ನೋದು ಕಾಗದದ ಮೇಲೆ ಇರಬೇಕು ಅನ್ನೋದಕ್ಕೆ ಹೇಳಿದೆ. ಎಸ್ಐ ಸರ್ ಗೇಟು ಗೇಟು ಅಂದರು, ಸ್ಟೇಜ್ ಮುಂದೆಯೂ ಆಗುತ್ತದೆ ಸರ್. ಡೆನ್ಮಾರ್ಕಿನ ರೋಸ್ಕಿಲ್ಡ್ ಹಬ್ಬದಲ್ಲಿ 2000ದಲ್ಲಿ ಒಂಬತ್ತು ಜನ, ಅಮೆರಿಕದ ಹ್ಯೂಸ್ಟನ್ನಿನ ಸಂಗೀತ ಹಬ್ಬದಲ್ಲಿ 2021ರಲ್ಲಿ ಹತ್ತು ಜನ ಸತ್ತರು. ಮುಂದೆ ಸಿಕ್ಕಿಹಾಕಿಕೊಂಡವರನ್ನು ಎತ್ತಿ ಹೊರಗೆ ಹಾಕೋಕೆ ಬ್ಯಾರಿಕೇಡ್ ಮತ್ತು ಸ್ಟೇಜ್ ನಡುವೆ ಜಾಗ ಬಿಡಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಟೇಪ್ ತಗೊಂಡು ಹೋಗಿದ್ದೆ. ನಿಲ್ಲೋಕೆ ಜಾಗ 1,320 ಚದರ ಮೀಟರ್ ಬಂತು. ಮುಂದಿನ ಗೇಟು ಮೂರು ಅಲ್ಲ, ಎರಡೂಕಾಲು ಮೀಟರ್. ಸಂಜೆ ಸಭೆಯಲ್ಲಿ ಪಾಸ್ ವಿಷಯ ಎತ್ತಿದೆ, ಹುಡುಗರು ಮುಖ ಊದಿಸಿಕೊಂಡಿದ್ದಾರೆ, ಸಾವಿರದ ಇನ್ನೂರಕ್ಕೆ ನಿಂತಿದೆ. ಎದುರು ಮನೆ ಮೇಡಂ ಹೇಳಿದ ಮೇಲೆ ನಮ್ಮ ಎದುರು ಸಾಲಿನ ಮನೆಗಳಿಗೂ ಹೋಗಿದ್ದೆ, ಎರಡು ಮನೆಯಲ್ಲಿ ಆಕ್ಸಿಜನ್ ಇಟ್ಟುಕೊಂಡವರು ಇದ್ದಾರೆ, ಹನ್ನೆರಡು ವರ್ಷದಿಂದ ಕಾರ್ಯದರ್ಶಿ, ನನಗೆ ಗೊತ್ತಿರಲಿಲ್ಲ. ಹಿಂದಿನ ಗೇಟಿನ ಕೀ ಮಾಲಿಯನ್ನು ಕೇಳಿದೆ. ನನ್ನ ಹತ್ತಿರ ಇಲ್ಲ ಸಾರ್, ಆಫೀಸಲ್ಲಿ ಕೇಳಿ ಅಂದ. ಆಫೀಸಿನವರು ಮಾಲಿ ಹತ್ತಿರ ಇರುತ್ತದೆ ಅಂದರು. ನಾಳೆ ಅನುಮತಿ ಕೇಳಿ ಪತ್ರ ಬರೆದು ಬೀಗ ಒಡೆಸುತ್ತೇನೆ.