ಜನವರಿಯಲ್ಲಿ ಎರಡು ದಿನ ಬೆಂಗಳೂರು: ಅತ್ತೆಗೆ, ಮಕ್ಕಳಿಗೆ ಏನು ತೋರಿಸಬಹುದು?

ಸುಂಟಿಕೊಪ್ಪದ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಕೊಡಗಿನ ತೋಟದಲ್ಲಿ ಅರೇಬಿಕಾ ಕಾಫಿ ಕೊಯ್ಲು ಡಿಸೆಂಬರ್ ಕೊನೆಗೆ ಮುಗಿಯುತ್ತದೆ. ರೋಬಸ್ಟಾ ಶುರುವಾಯಿತು ಅಂದರೆ ಮತ್ತೆ ಯಾರೂ ಮನೆ ಬಿಟ್ಟು ಅಲುಗಾಡುವ ಹಾಗಿಲ್ಲ. ಕಣದಲ್ಲಿ ಕಾಫಿ ಹರಡಿದ್ದಾಗ ಮನೆಯಲ್ಲಿ ಒಬ್ಬರಾದರೂ ಇರಲೇಬೇಕು ಅಲ್ವಾ. ಹಾಗಾಗಿ ನಮಗೆ ಸಿಗುವುದು ಜನವರಿ ಮೊದಲ ಶನಿವಾರ, ಭಾನುವಾರ ಮಾತ್ರ.

ಐದು ಜನ ಇದ್ದೇವೆ. ಮಗಳು ಎಂಟನೇ ಕ್ಲಾಸು, ಮಗ ನಾಲ್ಕನೇ ಕ್ಲಾಸು. ಇಬ್ಬರಿಗೂ ಮೆಟ್ರೋ ಹತ್ತಲೇಬೇಕು ಅಂತ ಹಟ. ಅತ್ತೆಗೆ 68, ಮಂಡಿನೋವು ಇದೆ. ನಿಧಾನಕ್ಕೆ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಅವರು ಬೆಂಗಳೂರಿಗೆ ಹೋಗಿರುವುದೆಲ್ಲ ಒಂದೋ ಆಸ್ಪತ್ರೆಗೆ, ಇಲ್ಲ ನೆಂಟರ ಮದುವೆಗೆ. ಊರು ಅಂತ ಏನನ್ನೂ ನೋಡಿಲ್ಲ. ಈ ಸಲ ಅವರಿಗೆ ಊರು ತೋರಿಸಬೇಕು ಅನ್ನೋದು ನನ್ನ ದೊಡ್ಡ ಆಸೆ. ಮಾಲ್ ಬೇಡ, ಅದನ್ನು ಮೈಸೂರಲ್ಲೇ ನೋಡಬಹುದು.

ಕಾರಲ್ಲಿ ಹೋಗೋದಾ, ಬಸ್ಸಾ? ಎಲ್ಲಿ ಉಳಿಯೋದು? ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ಆಗ ಇರುತ್ತದಾ? ಅಲ್ಲಿ ಚಳಿ ಹೇಗೆ? ಗೊತ್ತಿರುವವರು ದಯವಿಟ್ಟು ಹೇಳಿ.

ನಾಪೋಕ್ಲು ಹುಡುಗ

ಅಕ್ಕಾ, ಮಕ್ಕಳಿಗೆ ಮೆಟ್ರೋ ಮಾತ್ರ ಯಾಕೆ, ರೈಲನ್ನೂ ತೋರಿಸಿ. ನಮ್ಮ ಜಿಲ್ಲೆಯಲ್ಲಿ ಹಳಿಯೇ ಇಲ್ಲ. ಕಾರನ್ನು ಮೈಸೂರಿನಲ್ಲಿ ಬಿಟ್ಟು ಬೆಳಗಿನ ರೈಲು ಹಿಡಿದರೆ ಎರಡರಿಂದ ಮೂರು ಗಂಟೆಯಲ್ಲಿ ಬೆಂಗಳೂರು ಸಿಟಿ ಸ್ಟೇಷನ್. ಅಲ್ಲೇ ಪಕ್ಕದಲ್ಲಿ ಮೆಟ್ರೋ. ಟೋಲ್ ಇಲ್ಲ, ಟ್ರಾಫಿಕ್ ಇಲ್ಲ, ಪಾರ್ಕಿಂಗ್ ಹುಡುಕುವ ತಲೆನೋವಿಲ್ಲ. ಹೊಸ ವರ್ಷದ ರಜೆ ಇರುವುದರಿಂದ ಸೀಟು ಈಗಲೇ ಬುಕ್ ಮಾಡಿ.

ಬಸ್ಸೂ ಸುಲಭವೇ. ಶಕ್ತಿ ಯೋಜನೆಯಲ್ಲಿ ನಿಮಗೆ, ಅತ್ತೆಗೆ, ಮಗಳಿಗೆ ಕೆಂಪು ಬಸ್ಸಿನಲ್ಲಿ ಪ್ರಯಾಣ ಉಚಿತ. ರಾಜಹಂಸ, ಐರಾವತಕ್ಕೆ ಅದು ಅನ್ವಯಿಸುವುದಿಲ್ಲ. ಆದರೆ ಮಂಡಿನೋವು ಇರುವವರನ್ನು ಕೆಂಪು ಬಸ್ಸಿನಲ್ಲಿ ಅಷ್ಟು ದೂರ ಕೂರಿಸಿಕೊಂಡು ಹೋಗಿ ಅಂತ ನಾನು ಹೇಳಲಾರೆ.

ವಿರಾಜಪೇಟೆ ತವರು, ಬಸವನಗುಡಿ ಮನೆ

ರೈಲು ಮಕ್ಕಳಿಗೆ ಚೆನ್ನ, ಅತ್ತೆಗಲ್ಲ. ರೈಲಿನ ಬಾಗಿಲ ಮೆಟ್ಟಿಲು ಕಡಿದು, ಇಳಿಯುವಾಗ ಹಿಂದಿನಿಂದ ಜನ ನೂಕುತ್ತಾರೆ. ಮೈಸೂರಿನಲ್ಲಿ ಕಾರಿಂದ ರೈಲಿಗೆ, ಬೆಂಗಳೂರಲ್ಲಿ ರೈಲಿಂದ ಮೆಟ್ರೋಗೆ ಅಂತ ಬ್ಯಾಗು ಹೊತ್ತು ಓಡಾಡುವುದರಲ್ಲೇ ಅವರು ಸುಸ್ತಾಗುತ್ತಾರೆ. ಮೆಟ್ರೋದಲ್ಲಿ ಆ ತೊಂದರೆ ಇಲ್ಲ. ಪ್ಲಾಟ್‌ಫಾರ್ಮ್ ಮತ್ತು ಬೋಗಿ ಒಂದೇ ಮಟ್ಟದಲ್ಲಿ ಇರುತ್ತವೆ, ಲಿಫ್ಟ್ ಇರುತ್ತದೆ, ವಯಸ್ಸಾದವರಿಗೆ ಸೀಟು ಬಿಟ್ಟುಕೊಡುತ್ತಾರೆ.

ನನ್ನ ಸಲಹೆ ಹೀಗೆ. ಕಾರಲ್ಲೇ ಬನ್ನಿ, ಆದರೆ ಊರೊಳಗೆ ತರಬೇಡಿ. ಕೆಂಗೇರಿ ಅಥವಾ ಮೈಸೂರು ರಸ್ತೆಯಲ್ಲಿ, ಮೆಟ್ರೋ ನಿಲ್ದಾಣಕ್ಕೆ ಹತ್ತಿರ, ಪಾರ್ಕಿಂಗ್ ಇರುವ ಲಾಡ್ಜ್ ಹಿಡಿಯಿರಿ. ಬಂದ ಕೂಡಲೇ ಕಾರು ನಿಲ್ಲಿಸಿಬಿಡಿ, ವಾಪಸ್ ಹೊರಡುವಾಗ ತೆಗೆದರೆ ಸಾಕು. ಅದು ನೇರಳೆ ಮಾರ್ಗ. ಬದಲಾಯಿಸದೆ ಮೆಜೆಸ್ಟಿಕ್, ವಿಧಾನಸೌಧ, ಕಬ್ಬನ್ ಪಾರ್ಕ್, ಎಂ.ಜಿ. ರಸ್ತೆ ಎಲ್ಲ ಸಿಗುತ್ತವೆ. ಲಾಲ್‌ಬಾಗ್, ಬಸವನಗುಡಿ ಕಡೆಗೆ ಮಾತ್ರ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಬೇಕು.

ಒಂದು ಮುಖ್ಯ ವಿಷಯ. ಎಕ್ಸ್‌ಪ್ರೆಸ್‌ವೇ ಈಗ ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ ಯಾವ ಊರೊಳಗೂ ಹೋಗುವುದಿಲ್ಲ. ಮದ್ದೂರು ವಡೆ ತಿನ್ನಬೇಕು, ಬಾತ್‌ರೂಮಿಗೆ ಹೋಗಬೇಕು ಅಂದರೆ ರಸ್ತೆಯಿಂದ ಇಳಿಯಲೇಬೇಕು. ಅತ್ತೆ, ಮಕ್ಕಳು ಇದ್ದಾರೆ, ಮೈಸೂರು ದಾಟುವ ಮೊದಲೇ ಒಂದು ಸಲ ನಿಲ್ಲಿಸಿಕೊಳ್ಳಿ.

ಶನಿವಾರ ನೀವು ತಲುಪುವುದು ಮಧ್ಯಾಹ್ನ. ಊಟ ಮಾಡಿ, ಒಂದು ಗಂಟೆ ಅತ್ತೆಯನ್ನು ಮಲಗಲು ಬಿಡಿ. ಮೂರರ ಮೇಲೆ ಲಾಲ್‌ಬಾಗ್. ಅದೇ ಹೆಸರಿನ ಮೆಟ್ರೋ ನಿಲ್ದಾಣ ಇದೆ. ತೋಟ 240 ಎಕರೆ, ಪೂರ್ತಿ ನಡೆಯುವ ಆಸೆ ಬೇಡ. ಒಳಗೆ ಬ್ಯಾಟರಿ ಗಾಡಿ ಇರುತ್ತದೆ, ದುಡ್ಡು ಕೊಟ್ಟು ಹತ್ತಿಸಿ. ಗಾಜಿನ ಮನೆ, ಹಳೇ ಬೂರುಗದ ಮರ, ಕೆರೆ, ಇಷ್ಟು ಸಾಕು. ಬೂರುಗದ ಮರದ ಬುಡದ ಹತ್ತಿರ ಮಕ್ಕಳನ್ನು ನಿಲ್ಲಿಸಿ ನೋಡಿ. ಬೇರುಗಳು ನೆಲದಿಂದ ಗೋಡೆ ಹಾಗೆ ಎದ್ದಿವೆ, ನಿಮ್ಮ ಮಗ ಅವುಗಳ ಪಕ್ಕ ಕಾಣುವುದೇ ಇಲ್ಲ. ಮಗಳು ಎಂಟನೇ ಕ್ಲಾಸು ಅಂದಿರಲ್ಲ, ಅವಳನ್ನು ಕೆಂಪೇಗೌಡ ಗೋಪುರ ಇರುವ ಬಂಡೆಗೆ ಕರೆದುಕೊಂಡು ಹೋಗಿ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು. ಅತ್ತೆ ಕೆಳಗೆ ಬೆಂಚಿನಲ್ಲಿ ಕೂರಲಿ.

ಕತ್ತಲಾದ ಮೇಲೆ ಗಾಂಧಿ ಬಜಾರ್. ಅಲ್ಲಿಗೆ ಲಾಲ್‌ಬಾಗಿನಿಂದ ಆಟೋ ಹಿಡಿಯಿರಿ. ಹೂವು, ಹಣ್ಣು, ಪೂಜೆ ಸಾಮಾನು ನೋಡಿಕೊಂಡು ಓಡಾಡುವುದೇ ಒಂದು ಖುಷಿ. ವಿದ್ಯಾರ್ಥಿ ಭವನ 1943ರಿಂದ ಇದೆ. ದೋಸೆಗೆ ಶನಿವಾರ ಸಂಜೆ ಕ್ಯೂ ಜಾಸ್ತಿ, ಒಬ್ಬರು ಹೆಸರು ಬರೆಸಿ ನಿಲ್ಲಲಿ, ಉಳಿದವರು ಬಜಾರು ಸುತ್ತಲಿ. ಇದು ಸೊಗಡು ಅವರೆಕಾಯಿ ಕಾಲ. ಸಜ್ಜನ್ ರಾವ್ ವೃತ್ತದ ತಿಂಡಿ ಬೀದಿ ಕಡೆ ಹೋದರೆ ಅವರೆಬೇಳೆಯಲ್ಲಿ ಏನೇನು ಮಾಡಬಹುದೋ ಎಲ್ಲ ಸಿಗುತ್ತದೆ.

ಕುಶಾಲನಗರದ ಮೇಷ್ಟ್ರು

ಫಲಪುಷ್ಪ ಪ್ರದರ್ಶನ ನೀವು ಹೋಗುವಾಗ ಇರುವುದಿಲ್ಲ ತಾಯಿ. ಅದು ಗಣರಾಜ್ಯೋತ್ಸವದ ಸುತ್ತಮುತ್ತ, ಮತ್ತೆ ಆಗಸ್ಟ್ 15ರ ಹೊತ್ತಿಗೆ. ಸಾಧ್ಯವಾದರೆ ಒಂದೆರಡು ವಾರ ಮುಂದೂಡಿ ಅದನ್ನೇ ನೋಡಿ ಅಂತ ನನ್ನ ಅಭಿಪ್ರಾಯ. ಹೂವಿನಲ್ಲಿ ಅಷ್ಟು ದೊಡ್ಡ ಕೆಲಸ ಮಕ್ಕಳು ಬೇರೆಲ್ಲೂ ನೋಡಲಾರರು.

ಚಳಿಗೆ ಹೆದರಬೇಡಿ, ನಮ್ಮ ಕಡೆ ಇರುವಷ್ಟು ಇಲ್ಲ. ಬೆಳಗ್ಗೆ ಸುಮಾರು 15 ಡಿಗ್ರಿ, ಮಧ್ಯಾಹ್ನ ಸ್ವೆಟರ್ ಬಿಚ್ಚಬೇಕಾಗುತ್ತದೆ. ಬೆಂಗಳೂರಿನ ದಾಖಲೆ ಚಳಿ 1884ರ ಜನವರಿ 13ರದು, 7.8 ಡಿಗ್ರಿ.

ಮಕ್ಕಳಿಗೆ ಇನ್ನೊಂದು ತಿಳಿಸಿ. ಬೆಂಗಳೂರಿನ ನಲ್ಲಿಯಲ್ಲಿ ಬರುವುದು ಬಹುಪಾಲು ನಮ್ಮ ಕಾವೇರಿ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪ್ ಮಾಡಿ ತರುತ್ತಾರೆ. 1905ರಲ್ಲಿ ಈ ಊರಿಗೆ ಮೊದಲು ಕರೆಂಟು ಬಂದದ್ದೂ ಕಾವೇರಿಯಿಂದಲೇ, ಶಿವನಸಮುದ್ರದಿಂದ. ತಲಕಾವೇರಿ ನೋಡಿದ ಮಕ್ಕಳು ಲಾಡ್ಜಿನ ನಲ್ಲಿ ತಿರುಗಿಸುವಾಗ ಇದು ಅವರಿಗೆ ಗೊತ್ತಿರಬೇಕು. ರೆಸಿಡೆನ್ಸಿ ರಸ್ತೆಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರು, ರಿಚ್ಮಂಡ್ ರಸ್ತೆಗೆ ಜನರಲ್ ತಿಮ್ಮಯ್ಯನವರ ಹೆಸರು ಇದೆ. ಆ ಬೋರ್ಡುಗಳನ್ನೂ ತೋರಿಸಿ.

ವಿರಾಜಪೇಟೆ ತವರು, ಬಸವನಗುಡಿ ಮನೆ

ಮೇಷ್ಟ್ರೇ, ಪ್ರದರ್ಶನದ ವಿಷಯದಲ್ಲಿ ನಾನು ಒಪ್ಪುವುದಿಲ್ಲ, ಕ್ಷಮಿಸಿ. ಶನಿವಾರ, ಭಾನುವಾರ ಗಾಜಿನ ಮನೆ ಒಳಗೆ ಹೋಗಲು ಎಷ್ಟು ಹೊತ್ತು ನಿಲ್ಲಬೇಕು ಅಂತ ನಾವು ಪ್ರತಿ ವರ್ಷ ನೋಡುತ್ತೇವೆ. ನೋವಿನ ಮಂಡಿ ಇಟ್ಟುಕೊಂಡು ಆ ಸಾಲಿನಲ್ಲಿ ನಿಲ್ಲುವುದು ಬೇಡ. ಒಳಗೆ ಹೋದ ಮೇಲೂ ನಿಂತು ನೋಡಲು ಬಿಡುವುದಿಲ್ಲ, ಮುಂದೆ ಹೋಗಿ ಅಂತ ಸೀಟಿ ಊದುತ್ತಾರೆ. ಖಾಲಿ ಲಾಲ್‌ಬಾಗೇ ಅತ್ತೆಗೆ ಹಿತ.

ಸುಂಟಿಕೊಪ್ಪದ ಸೊಸೆ

ಮೇಷ್ಟ್ರೇ, ಅಕ್ಕಾ, ಇಬ್ಬರಿಗೂ ಧನ್ಯವಾದ. ಕಾವೇರಿ ವಿಷಯ ಅತ್ತೆಗೆ ಓದಿ ಹೇಳಿದೆ. ತುಂಬಾ ಹೊತ್ತು ಅದೇ ಮಾತಾಡಿದರು. ಮುಂದೂಡಲು ಆಗುವುದಿಲ್ಲ, ಅಷ್ಟರಲ್ಲಿ ರೋಬಸ್ಟಾಕ್ಕೆ ಆಳು ಬರುತ್ತಾರೆ. ಕೆಂಗೇರಿ ಕಡೆ ಉಳಿಯುವುದು ನಮ್ಮವರಿಗೂ ಸರಿ ಅನ್ನಿಸಿತು.

ಭಾನುವಾರ ಏನು ಮಾಡಲಿ? ವಿಧಾನಸೌಧಕ್ಕೆ ದೀಪ ಹಾಕಿದ್ದು ನೋಡಬೇಕು ಅಂತ ಅತ್ತೆಗೆ ಬಹಳ ದಿನದ ಆಸೆ. ಆದರೆ ಸಂಜೆವರೆಗೆ ಅಲ್ಲಿದ್ದರೆ ಆನೆಕಾಡು ದಾಟುವಾಗ ನಡುರಾತ್ರಿ. ಆನೆ, ಮಂಜು ಎರಡೂ ಇರುವ ರಸ್ತೆಯಲ್ಲಿ ಮಕ್ಕಳನ್ನು ಕರೆದುಕೊಂಡು ಆ ಹೊತ್ತಿನಲ್ಲಿ ಬರಲು ನನಗೆ ಧೈರ್ಯ ಇಲ್ಲ.

ನಾಪೋಕ್ಲು ಹುಡುಗ

ರೈಲು ಬಿಟ್ಟಿರಿ, ಬೇಜಾರಿಲ್ಲ ಅಕ್ಕಾ. ಭಾನುವಾರದ ಪ್ಲಾನ್ ನಾನು ಹೇಳುತ್ತೇನೆ, ಆ ಕಡೆಯೇ ನನ್ನ ಆಫೀಸು.

ಭಾನುವಾರ ಮೆಟ್ರೋ ಬೆಳಗ್ಗೆ 7ಕ್ಕೆ ಶುರು, ಅದಕ್ಕೆ ಮೊದಲು ನಿಲ್ದಾಣಕ್ಕೆ ಹೋಗಬೇಡಿ. ಮೊದಲು ಕಬ್ಬನ್ ಪಾರ್ಕ್. ಭಾನುವಾರ ಒಳಗಿನ ರಸ್ತೆಗೆ ಗಾಡಿ ಬಿಡುವುದಿಲ್ಲ, ಅತ್ತೆ ರಸ್ತೆ ನಡುವೆಯೇ ನಿಧಾನಕ್ಕೆ ನಡೆಯಬಹುದು. ಬಿದಿರು ಮೆಳೆ ಕಡೆ ನೆರಳು ಚೆನ್ನಾಗಿರುತ್ತದೆ. ಪಕ್ಕದ ಕಸ್ತೂರ್ಬಾ ರಸ್ತೆಯಲ್ಲೇ ವಿಶ್ವೇಶ್ವರಯ್ಯ ಮ್ಯೂಸಿಯಂ. ಮಕ್ಕಳಿಗೆ ಅದೊಂದೇ ಅರ್ಧ ದಿನ ಹಿಡಿಯುತ್ತದೆ. ಗುಂಡಿ ಒತ್ತಿದರೆ ತಿರುಗುವ ಎಂಜಿನ್‌ಗಳು, ರೈಟ್ ಸಹೋದರರ ವಿಮಾನದ ಮಾದರಿ ಎಲ್ಲ ಇವೆ. ನಿಮ್ಮವರು ಮಕ್ಕಳ ಜೊತೆ ಒಳಗೆ ಹೋಗಲಿ, ನೀವೂ ಅತ್ತೆಯೂ ಆಟೋದಲ್ಲಿ ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸಿಗೆ ಹೋಗಿ ಕೂರಿ. ಮೊದಲು ಎಂ.ಜಿ. ರಸ್ತೆಯಲ್ಲಿ ಇದ್ದದ್ದು 2009ರಲ್ಲಿ ಇಲ್ಲಿಗೆ ಬಂತು. ಪೇಟ ಕಟ್ಟಿದ ಸಪ್ಲೈಯರ್ ಕಾಫಿ ತಂದಿಡುತ್ತಾರೆ. ವರ್ಷವೆಲ್ಲ ಹಣ್ಣು ಕೊಯ್ದು ಒಣಗಿಸಿದವರು ಒಂದು ಸಲವಾದರೂ ಅಲ್ಲಿ ಕೂತು ಕುಡಿಯಬೇಕು ಅಂತ ನನಗೆ ಅನ್ನಿಸುತ್ತದೆ.

ನೀವು ಹೇಳಿದ ವಾರಕ್ಕೆ ಇನ್ನೊಂದು ಅದೃಷ್ಟ ಇದೆ. ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಸಾಮಾನ್ಯವಾಗಿ ಜನವರಿ ಮೊದಲ ಭಾನುವಾರವೇ. ಕುಮಾರಕೃಪಾ ರಸ್ತೆ ಉದ್ದಕ್ಕೂ ಕಲಾವಿದರು ಚಿತ್ರ ಇಟ್ಟು ಮಾರುತ್ತಾರೆ, ನೋಡಲು ದುಡ್ಡಿಲ್ಲ. ಕೆಲವರು ಅಲ್ಲೇ ಎದುರಿಗೆ ಕೂರಿಸಿಕೊಂಡು ಮುಖ ಬರೆದುಕೊಡುತ್ತಾರೆ. ಅತ್ತೆಯದು ಒಂದು ಬರೆಸಿ ಅಕ್ಕಾ. ಜನ ಜಾಸ್ತಿ, ಮಗನ ಕೈ ಬಿಡಬೇಡಿ. ತಾರಾಲಯವೂ ಅದೇ ಕಡೆ ಇದೆ, ಆದರೆ ಎರಡೂ ಮಾಡಲು ಹೋಗಬೇಡಿ, ಒಂದನ್ನು ಆರಿಸಿಕೊಳ್ಳಿ.

ಸಂಜೆ ವಿಧಾನಸೌಧದ ಎದುರು. ಕತ್ತಲಾಗುತ್ತಿದ್ದ ಹಾಗೆ ದೀಪ ಹತ್ತುತ್ತದೆ. ಮೆಟ್ರೋ ನಿಲ್ದಾಣ ಅಲ್ಲೇ ಇರುವುದರಿಂದ ನಡೆಯುವುದು ಕಡಿಮೆ. 1956ರಲ್ಲಿ ಮುಗಿದ ಕಟ್ಟಡ, ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ್ದು ಅಂತ ಮಕ್ಕಳಿಗೆ ಹೇಳಿ. ಎದುರಿನ ಕೆಂಪು ಅಠಾರಾ ಕಚೇರಿಯೂ ಕಾಣುತ್ತದೆ, ಈಗ ಹೈಕೋರ್ಟ್.

ರಾತ್ರಿ ಆನೆಕಾಡು ಖಂಡಿತ ಬೇಡ. ಮೈಸೂರಿನಲ್ಲಿ ಯಾರಾದರೂ ನೆಂಟರಿಲ್ಲವಾ?

ಸುಂಟಿಕೊಪ್ಪದ ಸೊಸೆ

ಇದ್ದಾರೆ, ನಾದಿನಿ ಮನೆ ಅಲ್ಲೇ! ಏಳಕ್ಕೆ ದೀಪ ನೋಡಿಕೊಂಡು ಮೆಟ್ರೋ ಹತ್ತಿದರೆ ಎಂಟಕ್ಕೆ ಕೆಂಗೇರಿ, ಊಟ ಮಾಡಿ ಹೊರಟರೂ ಹನ್ನೊಂದರ ಒಳಗೆ ಮೈಸೂರು. ಸೋಮವಾರ ಬೆಳಕು ಹರಿದ ಮೇಲೆ ಊರಿಗೆ. ಶಾಲೆಗೆ ಅರ್ಧ ದಿನ ರಜೆ ಕೇಳುತ್ತೇನೆ. ಮುಖ ಬರೆಸುವ ಮಾತಿಗೆ ಅತ್ತೆ ಬೇಡ ಬೇಡ ಅನ್ನುತ್ತಿದ್ದಾರೆ, ಆದರೆ ಯಾವ ಸೀರೆ ಉಡಲಿ ಅಂತಲೂ ಕೇಳಿದರು.

ಒಂದು ಬಾಕಿ ಇದೆ. ಲಾಡ್ಜ್ ಭಾನುವಾರ ಬೆಳಗ್ಗೆಯೇ ಖಾಲಿ ಮಾಡಬೇಕಲ್ಲ, ಕಾರು ಸಂಜೆವರೆಗೆ ಅಲ್ಲೇ ಬಿಡಬಹುದಾ?

ವಿರಾಜಪೇಟೆ ತವರು, ಬಸವನಗುಡಿ ಮನೆ

ಬುಕ್ ಮಾಡುವಾಗಲೇ ಫೋನ್ ಮಾಡಿ ಕೇಳಿ. ಒಪ್ಪದಿದ್ದರೆ ಕೆಂಗೇರಿ ಮೆಟ್ರೋ ಹತ್ತಿರ ದುಡ್ಡು ಕೊಟ್ಟು ನಿಲ್ಲಿಸಲು ಜಾಗ ಸಿಗುತ್ತದಾ ಅಂತ ಶನಿವಾರವೇ ನೋಡಿಟ್ಟುಕೊಳ್ಳಿ. ಬ್ಯಾಗೆಲ್ಲ ಡಿಕ್ಕಿಯಲ್ಲಿರಲಿ. ಅತ್ತೆಯ ಮಾತ್ರೆ, ಶಾಲು, ನೀರಿನ ಬಾಟಲಿ ಮಾತ್ರ ಕೈಚೀಲದಲ್ಲಿ ಇಟ್ಟುಕೊಳ್ಳಿ.