ಲೂಪರ್ ಮತ್ತು ಡ್ರಮ್ಸ್ ನಡುವೆ ಲಯ ತಪ್ಪದಿರಲು ಏನು ಮಾಡಬೇಕು?

ಪ್ರಶ್ನೆ:
ಗಿಟಾರ್ ನುಡಿಸುತ್ತ ಹಾಡುವ ನನಗೆ, ಒಬ್ಬನೇ ಇರುವಾಗ ಲೂಪರ್ ಪೆಡಲ್ (ನುಡಿಸಿದ್ದನ್ನು ರೆಕಾರ್ಡ್ ಮಾಡಿ ಮತ್ತೆ ಮತ್ತೆ ಕೇಳಿಸುವ, ಕಾಲಿನಿಂದ ತುಳಿಯುವ ಸಾಧನ) ತೊಂದರೆ ಕೊಡುವುದಿಲ್ಲ. ಆದರೆ ಡ್ರಮ್ಸ್ ಜೊತೆಗೂಡಿದರೆ ನಾಲ್ಕಾರು ಸುತ್ತುಗಳಲ್ಲೇ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಕಿವಿಗೆ ಕ್ಲಿಕ್ (ಲಯ ತೋರಿಸುವ ಟಿಕ್ ಟಿಕ್ ಸದ್ದು) ಹಾಕಿಕೊಳ್ಳದೆ ಇದನ್ನು ಸರಿಪಡಿಸಬಹುದೇ?

ಉತ್ತರ 1:
ಸರಿಪಡಿಸಬಹುದು. ಲೂಪ್ ತಾನಾಗಿ ವೇಗ ಬದಲಿಸಿಕೊಳ್ಳುವುದಿಲ್ಲವಾದ್ದರಿಂದ ಡ್ರಮ್ಸ್ ನುಡಿಸುವವರೇ ಅದನ್ನು ಅನುಸರಿಸಬೇಕು. ಹಾಗಾಗಿ ನುಡಿಸುವಾಗ ಅವರಿಗೆ ಕೇಳಿಸುವ ಸ್ಪೀಕರ್ ಆದ ಮಾನಿಟರ್‌ನಲ್ಲಿ ಲೂಪ್ ಉಳಿದೆಲ್ಲಕ್ಕಿಂತ ಸ್ಪಷ್ಟವಾಗಿ ಕೇಳಿಸಬೇಕು. ಇನ್ನು ಲೂಪ್‌ಗೆ ಮೊದಲು ರೆಕಾರ್ಡ್ ಮಾಡುವ ಪದರದ ಉದ್ದ. ನಿಮಿಷಕ್ಕೆ 120 ಬಡಿತಗಳ ವೇಗದಲ್ಲಿ, ನಾಲ್ಕೆಣಿಕೆಯ (ತಲಾ ನಾಲ್ಕು ಬಡಿತಗಳ) ನಾಲ್ಕು ಬಾರ್‌ಗಳಿಗೆ ಸರಿಯಾಗಿ 8 ಸೆಕೆಂಡ್ ಹಿಡಿಯುತ್ತದೆ. ಪೆಡಲನ್ನು ಸೆಕೆಂಡಿನ ಹತ್ತರಲ್ಲಿ ಒಂದು ಭಾಗದಷ್ಟು ತಡವಾಗಿ ತುಳಿದರೂ ಆ ವ್ಯತ್ಯಾಸ ಪ್ರತಿ ಸುತ್ತಿನಲ್ಲಿ ಕೂಡುತ್ತಾ ಹೋಗಿ, ಐದು ಸುತ್ತು ಮುಗಿಯುವಷ್ಟರಲ್ಲಿ ಒಂದು ಪೂರ್ತಿ ಬಡಿತವಾಗಿರುತ್ತದೆ. ಆದ್ದರಿಂದ ರೆಕಾರ್ಡಿಂಗ್ ಮುಗಿಸಲು ಕೊನೆಯ ಬಡಿತಕ್ಕಲ್ಲ, ಮುಂದಿನ ಸುತ್ತಿನ ಮೊದಲ ಬಡಿತಕ್ಕೇ ತುಳಿಯಿರಿ.

ಉತ್ತರ 2:
ಮೇಲಿನ ಮಾತು ಒಪ್ಪತಕ್ಕದ್ದೇ. ಮಿಡಿ ಕ್ಲಾಕ್ (ಸಾಧನಗಳ ವೇಗವನ್ನು ಒಂದಕ್ಕೊಂದು ಹೊಂದಿಸುವ ಸಂಕೇತ) ಬಳಸಿ ಎಂದು ಹಲವರು ಹೇಳುತ್ತಾರೆ, ಆದರೆ ಅದು ಡ್ರಮ್ ಮಷೀನ್‌ಗೆ ಸರಿ, ಮನುಷ್ಯರಿಗಲ್ಲ. ದನಿಯನ್ನೂ ಲೂಪ್ ಮಾಡುವುದಾದರೆ ಇನ್ನೊಂದು ತೊಡಕಿದೆ: ಮೈಕ್ ಪಕ್ಕದ ಡ್ರಮ್ಸ್‌ನ ಲೋಹದ ತಟ್ಟೆಗಳಾದ ಸಿಂಬಲ್‌ಗಳನ್ನೂ ಹಿಡಿಯುವುದರಿಂದ, ಮೂರನೇ ಪದರದ ಹೊತ್ತಿಗೆ ಹಾಡಿಗಿಂತ ಅವುಗಳ ಸದ್ದೇ ಹೆಚ್ಚಾಗಿರುತ್ತದೆ. ದನಿಯ ಪದರಗಳನ್ನು ಡ್ರಮ್ಸ್ ಶುರುವಾಗುವ ಮೊದಲೇ ಕಟ್ಟಿಕೊಳ್ಳುವುದು ಒಳ್ಳೆಯದು.

ಉತ್ತರ 3:
ಪೆಡಲನ್ನು ಡ್ರಮ್ಸ್ ನುಡಿಸುವವರ ಕಾಲ ಬಳಿಯೇ ಇಟ್ಟುಬಿಡಿ. ಎಣಿಕೆ ಹೇಗೂ ಅವರದೇ. ಹಾಡುತ್ತ, ತಂತಿ ಮೀಟುತ್ತ, ಕಾಲನ್ನೂ ಲೆಕ್ಕದಲ್ಲಿಡುವ ಕಷ್ಟ ನಿಮಗೆ ತಪ್ಪುತ್ತದೆ.