ಬಡಾವಣೆ ನಕ್ಷೆಯಲ್ಲಿ ಹಳ್ಳವಿದ್ದ ಜಾಗಕ್ಕೆ ರಸ್ತೆ ಬಂದಿದೆ: ಆಕ್ಷೇಪಣೆ ಯಾರಿಗೆ ಸಲ್ಲಿಸಬೇಕು?

ಹಳ್ಳದಂಚು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಹಳೆ ಮೈಸೂರು ಭಾಗದ ಒಂದು ಹಳ್ಳಿ. ಆಡಳಿತ ಇಂದಿಗೂ ಗ್ರಾಮ ಪಂಚಾಯಿತಿಯದೇ ಆದರೂ ಕೆಲವು ವರ್ಷಗಳ ಹಿಂದೆ ನಗರದ ಯೋಜನಾ ಪ್ರಾಧಿಕಾರದ ವ್ಯಾಪ್ತಿಗೆ ಸೇರಿದೆ. ನಮ್ಮ ಜಮೀನಿಗೆ ಹೊಂದಿಕೊಂಡ ಮೂರು ಸರ್ವೆ ನಂಬರುಗಳ ಸುಮಾರು 18 ಎಕರೆಯನ್ನು ಖಾಸಗಿಯವರೊಬ್ಬರು ಕೊಂಡು, ವಸತಿ ಬಡಾವಣೆಗೆ ಅನುಮೋದನೆ ಕೋರಿ ಅರ್ಜಿ ಹಾಕಿದ್ದಾರೆ. ಆ ನಕ್ಷೆಯ ಪ್ರತಿಯೊಂದು ಪಂಚಾಯಿತಿಗೂ ಬಂದಿದ್ದು, ನಮ್ಮ ವಾರ್ಡಿನ ಸದಸ್ಯರು ಅದನ್ನು ನಮಗೆ ತೋರಿಸಿದರು.

ಮೇಲುಭಾಗದ ಹೊಲಗಳ ನೀರನ್ನು ಊರ ಕೆರೆಗೆ ತರುವ ಹಳ್ಳವೊಂದು ಈ ಮೂರು ನಂಬರುಗಳ ಪೈಕಿ ನಡುವಿನದರಲ್ಲಿ ಹಾದುಹೋಗುತ್ತದೆ. ನಕ್ಷೆಯಲ್ಲಿ ಆ ಹಳ್ಳದ ಗುರುತೇ ಇಲ್ಲ. ಹಳ್ಳವಿರುವ ಜಾಗದಲ್ಲಿ 9 ಮೀಟರ್ ರಸ್ತೆಯನ್ನೂ ಅದರ ಅಂಚಿನಲ್ಲಿ ಎರಡು ಅಡಿಯ ಚರಂಡಿಯನ್ನೂ ತೋರಿಸಿದ್ದಾರೆ. ಬೇಸಿಗೆಯಲ್ಲಿ ಅಲ್ಲಿ ಲಂಟಾನದ ಪೊದೆಯ ಹೊರತು ಮತ್ತೇನೂ ಕಾಣುವುದಿಲ್ಲವೆಂಬುದು ನಿಜ. ಆದರೆ ಹಿಂಗಾರಿನ ಜೋರು ಮಳೆಗೆ ಸೊಂಟದ ಮಟ್ಟ ನೀರು ಹರಿಯುತ್ತದೆ. ಹಳ್ಳದ ದಡದಲ್ಲೇ ನಾವು ನಾಲ್ಕು ಮನೆಯವರು ಗೊಬ್ಬರ ಸಾಗಿಸುವ ಬಂಡಿ ದಾರಿಯೂ ಇದೆ, ಅದನ್ನೂ ನಕ್ಷೆಯಿಂದ ಕೈಬಿಟ್ಟಿದ್ದಾರೆ.

ಪಿಡಿಒ ಅವರನ್ನು ವಿಚಾರಿಸಿದರೆ ಅನುಮೋದನೆ ಕೊಡುವುದು ಪ್ರಾಧಿಕಾರ ಎನ್ನುತ್ತಾರೆ. ಪ್ರಾಧಿಕಾರದಲ್ಲಿ, ಜಿಲ್ಲಾಧಿಕಾರಿಗಳಿಂದ ಭೂ ಪರಿವರ್ತನೆಯೇ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸುವ ಅನುಮತಿ) ಆಗಿರುವಾಗ ತಮ್ಮ ತಕರಾರೇನಿದೆ ಎಂಬ ಉತ್ತರ ಬಂತು. ತಾಲ್ಲೂಕು ಕಚೇರಿಯವರು ಬಡಾವಣೆಯ ವಿಷಯ ತಮಗೆ ಬರುವುದಿಲ್ಲವೆಂದರು. ಬಡಾವಣೆಯೇ ಆಗಬಾರದೆಂಬ ಹಟ ನಮಗಿಲ್ಲ, ಹಳ್ಳವೂ ದಾರಿಯೂ ಉಳಿಯಬೇಕು, ಅಷ್ಟೇ. ಯಾವ ಹಂತದಲ್ಲಿ, ಯಾರಿಗೆ, ಏನೆಂದು ಬರೆದುಕೊಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಸರಪಳಿ ಮೋಜಣಿ

ನಾನು ಭೂಮಾಪನ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮೂರೂ ಕಚೇರಿಯವರು ತಮಗೆ ಹೇಳಿರುವುದು ಅರ್ಧರ್ಧ ಸತ್ಯ. ಮೊದಲು ಹಳ್ಳ ಕಾಗದದ ಮೇಲೆ ಎಲ್ಲಿದೆ ಎಂಬುದನ್ನು ಗೊತ್ತುಮಾಡಿಕೊಳ್ಳಿ, ಅದಾದ ಮೇಲೆ ಯಾವ ಕಚೇರಿಗೆ ಬರೆಯಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಆ ನಡುವಿನ ನಂಬರಿನ ಪಹಣಿ ತೆಗೆಸಿ, ಅದರ 3ನೇ ಕಾಲಂ ನೋಡಿ. ಒಟ್ಟು ವಿಸ್ತೀರ್ಣದ ಕೆಳಗೆ ಖರಾಬು ಎ ಮತ್ತು ಖರಾಬು ಬಿ ಎಂದು ಪ್ರತ್ಯೇಕವಾಗಿ ನಮೂದಿಸಿರುತ್ತಾರೆ. ಬಂಡೆ, ಕಲ್ಲುನೆಲ ಮುಂತಾಗಿ ಸಾಗುವಳಿಗೆ ಒದಗದ ಜಾಗ ಎ ಖರಾಬು. ಹಳ್ಳ, ದಾರಿ, ಸ್ಮಶಾನಗಳಂತಹ ಸಾರ್ವಜನಿಕ ಉಪಯೋಗದ ಜಾಗ ಬಿ ಖರಾಬು. ಸರ್ವೆ ನಂಬರಿನ ಎಲ್ಲೆಯೊಳಗೇ ಇದ್ದರೂ ಬಿ ಖರಾಬು ಖಾತೆದಾರನ ಸ್ವತ್ತಲ್ಲ. 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದ 67ನೇ ಪ್ರಕರಣದ ಪ್ರಕಾರ ಸಾರ್ವಜನಿಕ ದಾರಿ, ಹಳ್ಳ, ಕೆರೆ, ನೀರಿನ ಕಾಲುವೆಗಳು ಸರ್ಕಾರಕ್ಕೆ ಸೇರಿದವು. ಮಾರಿದವನಿಗೇ ಇಲ್ಲದ ಹಕ್ಕು ಕೊಂಡವನಿಗೆ ಬರುವುದಾದರೂ ಹೇಗೆ?

ಪಹಣಿಯೊಂದನ್ನೇ ನೆಚ್ಚಿಕೊಳ್ಳಬೇಡಿ. ಕಂಪ್ಯೂಟರಿಗೆ ಏರಿಸುವಾಗ ಖರಾಬಿನ ಅಂಕಿಗಳು ಅದಲುಬದಲಾದ ಪ್ರಕರಣಗಳು ಬೇಕಾದಷ್ಟಿವೆ. ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ದಾಖಲೆ), ಮೂಲ ಟಿಪ್ಪಣಿ (ಮೊದಲ ಅಳತೆಯ ನಕ್ಷೆ) ಮತ್ತು ಗ್ರಾಮ ನಕಾಶೆಗಳ ದೃಢೀಕೃತ ಪ್ರತಿಗಳನ್ನು ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಿಂದ ಪಡೆದುಕೊಳ್ಳಿ. ಟಿಪ್ಪಣಿಯಲ್ಲಿ ಹಳ್ಳ ಯಾವ ಬದಿಯಿಂದ ನಂಬರನ್ನು ಹೊಕ್ಕು ಯಾವ ಬದಿಗೆ ಹೊರಬೀಳುತ್ತದೆ ಎಂಬುದು ಅಳತೆಗಳ ಸಮೇತ ಇರುತ್ತದೆ. ಮೊಬೈಲಿನ ದಿಶಾಂಕ್ ಆ್ಯಪ್ ಸ್ಥಳದಲ್ಲಿ ನಿಂತು ಅಂದಾಜು ನೋಡಿಕೊಳ್ಳಲು ಸಾಕು, ಕಚೇರಿಯಲ್ಲಿ ಅದನ್ನು ಪುರಾವೆಯೆಂದು ಮುಂದಿಡಬೇಡಿ.

ಇನ್ನೊಂದು ಮಾತು. ಬಡಾವಣೆಯ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ನಿವೇಶನಗಳಿಗೆ ಮಾಲೀಕ ತನ್ನ ಸ್ವಂತ ಭೂಮಿಯಲ್ಲೇ ಜಾಗ ಬಿಡಬೇಕು. ಸರ್ಕಾರಿ ಹಳ್ಳವನ್ನೇ ರಸ್ತೆಯೆಂದು ತೋರಿಸಿಬಿಟ್ಟರೆ ಅಷ್ಟು ಸ್ವಂತ ಜಾಗ ಸೈಟುಗಳಿಗೆ ಉಳಿಯುತ್ತದೆ. ನಕ್ಷೆ ಬರೆದವರ ಕಣ್ಣಿಗೆ ಹಳ್ಳ ಬಿದ್ದಿಲ್ಲವೆಂದು ನಂಬುವುದು ನನ್ನಂಥವನಿಗೆ ಕಷ್ಟ.

ದಾವೆ ದಫ್ತರ

ಮೇಲಿನ ಹಿರಿಯರ ಮಾತಿಗೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಹೊಸ ಬಡಾವಣೆಗಳ ವಿಷಯದಲ್ಲಿ ಜನ ಸಾಮಾನ್ಯವಾಗಿ ತಡವಾಗಿ ಎಚ್ಚರಗೊಳ್ಳುತ್ತಾರೆ. ಮಹಾಯೋಜನೆಯಲ್ಲಿ (ಯಾವ ಭೂಮಿ ಯಾವ ಬಳಕೆಗೆಂದು ಗೊತ್ತುಮಾಡುವ ಪ್ರಾಧಿಕಾರದ ಮಾಸ್ಟರ್ ಪ್ಲಾನ್) ಹಸಿರು ವಲಯವಾಗಿರುವ ಭೂಮಿಯನ್ನು ವಸತಿಗೆ ಬದಲಾಯಿಸುವಾಗ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ 14-ಎ ಪ್ರಕರಣದಡಿ ಪತ್ರಿಕಾ ಪ್ರಕಟಣೆ ನೀಡಿ ಸಾರ್ವಜನಿಕರ ಆಕ್ಷೇಪಣೆಗಳನ್ನು ಕರೆಯಬೇಕು. ಆದರೆ ಮಹಾಯೋಜನೆಯಲ್ಲೇ ಭೂಮಿ ವಸತಿ ವಲಯವೆಂದು ಗುರುತಾಗಿದ್ದರೆ ಆ ಹಂತವೇ ಬರುವುದಿಲ್ಲ. ಮಾಲೀಕ ನೇರವಾಗಿ 17ನೇ ಪ್ರಕರಣದಡಿ ಬಡಾವಣೆ ನಕ್ಷೆಗೆ ಅರ್ಜಿ ಹಾಕುತ್ತಾನೆ, ಅಲ್ಲಿ ನೆರೆಹೊರೆಯವರನ್ನು ಕೇಳುವ ಪದ್ಧತಿಯಿಲ್ಲ. ಆದ್ದರಿಂದ ತಮ್ಮ ಭಾಗ ಯಾವ ವಲಯದಲ್ಲಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ವಸತಿ ವಲಯವೇ ಆಗಿದ್ದರೆ ನೀರಿನ ಅಭಾವ, ಹಳ್ಳಿಯ ನೆಮ್ಮದಿ ಮುಂತಾದ ಕಾರಣಗಳನ್ನು ಬರೆದು ಪುಟ ತುಂಬಿಸಬೇಡಿ, ಪ್ರಾಧಿಕಾರ ಅವನ್ನು ಓದಿ ಕಡತದಲ್ಲಿಡುತ್ತದೆ, ಅಷ್ಟೇ. ಅರ್ಜಿದಾರನದಲ್ಲದ ಸರ್ಕಾರಿ ಭೂಮಿ ನಕ್ಷೆಯೊಳಗೆ ಸೇರಿದೆ ಎಂಬ ಒಂದೇ ಅಂಶವನ್ನು ದಾಖಲೆಗಳೊಂದಿಗೆ ಬರೆಯಿರಿ. ಅದನ್ನು ಬದಿಗಿಟ್ಟು ಅನುಮೋದನೆ ಕೊಡುವುದು ಯಾವ ಅಧಿಕಾರಿಗೂ ಸುಲಭವಲ್ಲ. ಗ್ರಾಮದ ಕೆರೆ ಮತ್ತು ಸಾಮುದಾಯಿಕ ಭೂಮಿಗಳ ಒತ್ತುವರಿ ಕುರಿತು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ನೀಡಿದ ತೀರ್ಪನ್ನೂ ಉಲ್ಲೇಖಿಸಬಹುದು.

ಬಂಡಿ ದಾರಿಯ ಪ್ರಶ್ನೆ ಬೇರೆ. ಗ್ರಾಮ ನಕಾಶೆಯಲ್ಲಿ ದಾರಿಯ ಗುರುತಿದ್ದರೆ ಅದು ಸಾರ್ವಜನಿಕ ದಾರಿ. ಅದರ ಮೇಲಿನ ಸಾರ್ವಜನಿಕರ ಹಕ್ಕನ್ನು ರದ್ದುಪಡಿಸಬೇಕಾದರೆ ಭೂ ಕಂದಾಯ ಅಧಿನಿಯಮದ 68ನೇ ಪ್ರಕರಣದ ಪ್ರಕ್ರಿಯೆ ನಡೆಯಬೇಕು. ಗುರುತಿಲ್ಲದಿದ್ದರೆ, 20 ವರ್ಷಕ್ಕೂ ಮೇಲ್ಪಟ್ಟು ಅಡೆತಡೆಯಿಲ್ಲದೆ ಹಕ್ಕಿನಿಂದ ಬಳಸಿದ್ದೀರಿ ಎಂಬುದನ್ನು 1882ರ ಈಸ್‌ಮೆಂಟ್ (ಬೇರೆಯವರ ಜಮೀನಿನ ಮೇಲಿನ ಅನುಭೋಗದ ಹಕ್ಕು) ಕಾಯ್ದೆಯಡಿ ಸಿವಿಲ್ ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕಾಗುತ್ತದೆ. ಹಳ್ಳ ಮತ್ತು ದಾರಿಗಳಿಗೆ ಬೇರೆ ಬೇರೆ ಅರ್ಜಿ ಬರೆಯುವುದು ಒಳ್ಳೆಯದು.

ಭೂ ಪರಿವರ್ತನಾ ಆದೇಶದ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಿ. 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದಗಳ ಮಿತಿ. ಉತ್ತರಕ್ಕೆ 30 ದಿನಗಳ ಗಡುವಿದೆ.

ಸೈಟಿನ ಸಾಲಗಾರ

ಕೊಳ್ಳುವವರ ಪರವಾಗಿ ಒಂದು ಮಾತು. ನಾನಿರುವ ಖಾಸಗಿ ಬಡಾವಣೆಯ ಹಿಂಬದಿಯ ಸಾಲಿನ ಮನೆಗಳಿಗೆ ಪ್ರತಿ ಮಳೆಗಾಲದಲ್ಲೂ ನೀರು ನುಗ್ಗುತ್ತದೆ, ಅಲ್ಲಿಯೂ ಹಿಂದೆ ತೊರೆಯಿತ್ತೆಂದು ಊರಿನವರು ಹೇಳಿದ್ದು ನಾವು ಗೃಹಪ್ರವೇಶ ಮಾಡಿದ ಮೇಲೆ. ಮೈಸೂರಿನ ಸುತ್ತ ಇಂತಹ ಬಡಾವಣೆಗಳು ಎಷ್ಟು ಬೆಳೆದವೆಂದರೆ, 2020ರಲ್ಲಿ ಹೂಟಗಳ್ಳಿಯನ್ನು ನಗರಸಭೆಯಾಗಿಯೂ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳಗಳನ್ನು ಪಟ್ಟಣ ಪಂಚಾಯಿತಿಗಳಾಗಿಯೂ ಮಾಡಬೇಕಾಯಿತು.

500 ಚದರ ಮೀಟರ್ ಮೀರಿದ ಯಾವುದೇ ಬಡಾವಣೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗದೆ ಜಾಹೀರಾತು ಕೊಡುವಂತಿಲ್ಲ, ಮುಂಗಡವನ್ನೂ ಪಡೆಯುವಂತಿಲ್ಲ. ನೋಂದಣಿಯಾದ ಮೇಲೆ ಅನುಮೋದಿತ ನಕ್ಷೆ ಕರ್ನಾಟಕ ರೇರಾ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಈಗಾಗಲೇ ಸೈಟು ಬುಕ್ ಮಾಡಿಸಿಕೊಳ್ಳುತ್ತಿದ್ದಾರೆಯೇ ಎಂಬುದನ್ನೂ ಗಮನಿಸಿ.

ಹಳ್ಳದಂಚು

ತಮ್ಮೆಲ್ಲರಿಗೂ ಕೃತಜ್ಞತೆಗಳು. ಪಹಣಿ, ಟಿಪ್ಪಣಿ ಮತ್ತು ಪರಿವರ್ತನಾ ಆದೇಶದ ಪ್ರತಿ ಕೈಸೇರಿವೆ. ನಮ್ಮದು ವಸತಿ ವಲಯವೆಂದೇ ಮಹಾಯೋಜನೆಯಲ್ಲಿದೆ. ನಡುವಿನ ನಂಬರಿನ ಒಟ್ಟು ವಿಸ್ತೀರ್ಣ 6 ಎಕರೆ 20 ಗುಂಟೆ, ಅದರಲ್ಲಿ ಬಿ ಖರಾಬು 14 ಗುಂಟೆ. ಪರಿವರ್ತನೆಯಾಗಿರುವುದು 6 ಎಕರೆ 6 ಗುಂಟೆಗೆ ಮಾತ್ರ, ಆದರೆ ಬಡಾವಣೆ ನಕ್ಷೆಯ ವಿಸ್ತೀರ್ಣದ ಪಟ್ಟಿಯಲ್ಲಿ ಪೂರ್ತಿ 6 ಎಕರೆ 20 ಗುಂಟೆ ಎಂದಿದೆ. ಹಳ್ಳದ ಉದ್ದ ಆ ನಂಬರಿನೊಳಗೆ ಸುಮಾರು 500 ಅಡಿ ಬರುತ್ತದೆ. ದಾರಿಯ ಚುಕ್ಕೆ ಗೆರೆ ಗ್ರಾಮ ನಕಾಶೆಯಲ್ಲಿ ಸ್ಪಷ್ಟವಾಗಿದೆ.

ಸರಪಳಿ ಮೋಜಣಿ

ಹಾಗಾದರೆ ಲೆಕ್ಕ ಸರಿಹೋಯಿತು. ಒಂದು ಗುಂಟೆಗೆ 1,089 ಚದರ ಅಡಿಯಂತೆ 14 ಗುಂಟೆಗೆ 15,246 ಚದರ ಅಡಿ. 500 ಅಡಿ ಉದ್ದಕ್ಕೆ ಹಂಚಿದರೆ ಹಳ್ಳದ ಸರಾಸರಿ ಅಗಲ ಮೂವತ್ತು ಅಡಿಗೆ ತುಸು ಹೆಚ್ಚು. ಅವರು ತೋರಿಸಿರುವ 9 ಮೀಟರ್ ರಸ್ತೆಯ ಅಗಲವೂ ಹತ್ತಿರ ಹತ್ತಿರ ಅಷ್ಟೇ. ಪರಿವರ್ತನಾ ಆದೇಶ ಹೊರಡಿಸಿದವರು ಖರಾಬನ್ನು ಸರಿಯಾಗಿಯೇ ಕಳೆದಿದ್ದಾರೆ, ನಕ್ಷೆಯಲ್ಲಿ ಅದನ್ನು ಮರಳಿ ಕೂಡಿಸಿಕೊಂಡಿದ್ದಾರೆ.

ಈ ಎರಡು ವಿಸ್ತೀರ್ಣಗಳ ವ್ಯತ್ಯಾಸವನ್ನೇ ಅರ್ಜಿಯ ಮೊದಲ ವಾಕ್ಯವಾಗಿ ಬರೆಯಿರಿ. ಯೋಜನಾ ಪ್ರಾಧಿಕಾರದ ಆಯುಕ್ತರನ್ನು ಉದ್ದೇಶಿಸಿ ಬರೆದು, ಜಿಲ್ಲಾಧಿಕಾರಿ, ತಹಶೀಲ್ದಾರ್ ಹಾಗೂ ಪಂಚಾಯಿತಿಗೆ ಪ್ರತಿ ಸಲ್ಲಿಸಿ, ನಾಲ್ಕೂ ಕಡೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ತಹಶೀಲ್ದಾರರಿಗೆ ಪ್ರತ್ಯೇಕವಾಗಿ, ಬಿ ಖರಾಬನ್ನು ತಾಲ್ಲೂಕು ಭೂಮಾಪಕರಿಂದ ಅಳೆಸಿ ಗಡಿಕಲ್ಲು ನೆಡಿಸಬೇಕೆಂದು ಕೋರಿ. ತಮ್ಮ ಸ್ವಂತ ಜಮೀನಿಗೆ ಹದ್ದುಬಸ್ತಿನ (ಗಡಿ ಅಳೆದು ಗುರುತಿಸುವ) ಅರ್ಜಿಯನ್ನೂ ಈಗಲೇ ಹಾಕಿಬಿಡಿ. ಪಕ್ಕದ ನಂಬರಿನವರಿಗೆ ನೋಟಿಸು ಹೋಗುತ್ತದೆ, ಅಳತೆಯ ದಿನ ಅವರೂ ಸ್ಥಳಕ್ಕೆ ಬರಬೇಕಾಗುತ್ತದೆ. ಜೆಸಿಬಿ ಇಳಿಸಿ ಹಳ್ಳವನ್ನು ಮುಚ್ಚಿದರೆ ಅಳೆಯುವುದು ಕಷ್ಟವಾಗುತ್ತದೆ, ಆದಕಾರಣ ಹಳ್ಳದ ಈಗಿನ ಸ್ಥಿತಿಯ ಫೋಟೋಗಳನ್ನು ದಿನಾಂಕ ಕಾಣುವಂತೆ ತೆಗೆದು ಅರ್ಜಿಗೆ ಲಗತ್ತಿಸಿ.